ಇಳಿತದ ಲೆಕ್ಕ

ದೀವಗಿಯ ಕೆಳಗೆ, ಸೇತುವೆ ದಾಟಿದ ಮೇಲೆ,
ಬೆಳಿಗ್ಗೆ ಆರೂವರೆಗೆ ಅಘನಾಶಿನಿಯ ನೀರು
ಯಾರಿಗೂ ಹೇಳದೆ ಹಿಂದೆ ಸರಿಯುತ್ತದೆ.
ಉಳಿದ ಕೆಸರು ಎಣ್ಣೆ ಸವರಿದ ಬಾಣಲೆಯ ತಳ.
ದಂಡೆಯ ಕಲ್ಲಿನ ಮೇಲೆ ನಾನು, ಮಡಿಲಲ್ಲಿ ನೋಟುಬುಕ್ಕು,
ಕೊರಳಲ್ಲಿ ಅಳಿಯ ಕೊಟ್ಟ ದುರ್ಬೀನು.

ಕುಮಟಾ ಡಿಪೋದ ಬಸ್ಸಿನಲ್ಲಿ ಮೂವತ್ತೊಂದು ವರ್ಷ
ತಲೆ ಎಣಿಸಿದವನು.
ಈಗ ಜನವರಿಗೊಮ್ಮೆ ಕಾಲು ಎಣಿಸಿ
ಎರಡರಿಂದ ಭಾಗಿಸುತ್ತೇನೆ.
ಒಂಟಿ ಕಾಲಲ್ಲಿ ನಿಂತವು ಲೆಕ್ಕ ಕೆಡಿಸುತ್ತವೆ.

ಬೆಳ್ಳಕ್ಕಿ ಹದಿನೇಳು.
ಮೆಟ್ಟುಗಾಲು ಒಂಬತ್ತು, ಕೆಂಪು ಕಡ್ಡಿಗಾಲು,
ಹೊಸ ಚಪ್ಪಲಿ ಹಾಳಾದೀತೆಂಬ ನಡಿಗೆ.
ಉಲ್ಲಂಕಿ ಮರಿಗಾತ್ರದವು ಮಾತ್ರ ನಿಲ್ಲುವುದಿಲ್ಲ,
ಮುಂದಿನ ಬಾಗಿಲಲ್ಲಿ ಹತ್ತಿ ಹಿಂದಿನದಕ್ಕೆ ನುಗ್ಗುವ
ಹೈಸ್ಕೂಲು ಹುಡುಗರು.
ನಲವತ್ತು ಎನ್ನುವಷ್ಟರಲ್ಲಿ ಒಟ್ಟಿಗೇ ಎದ್ದು
ಒಮ್ಮೆ ಬೆಳ್ಳಗೆ ಒಮ್ಮೆ ಕಪ್ಪಗೆ ಮಗುಚಿ
ಅದೇ ಜಾಗಕ್ಕೆ ಇಳಿಯುತ್ತವೆ.
ಮತ್ತೆ ಒಂದರಿಂದ.

ಬೂದು ಬಕ ಮೂರು, ಎಂದು ಬರೆದೆ.
ಮೂರನೆಯದು ಸೊಂಟ ನೆಟ್ಟಗೆ ಮಾಡಿ
ಸೆರಗು ಬಿಗಿದು
"ಎಂತಾ ಲೆಕ್ಕಾ ಬರೀತ್ರಿ?" ಅಂತು.
ಹೊಡೆದು ಹಾಕಿ ಎರಡು ಮಾಡಿದೆ.

ಮಂಕಾಳಿ ಅಂಬಿಗ. ಬೆಳಚು ಆಯುವವಳು.
ಕಾಲ್ಬೆರಳಿನಿಂದಲೇ ಕೆಸರು ತಡವುತ್ತಾಳೆ,
ಗಟ್ಟಿ ತಾಗಿದಲ್ಲಿ ಬಾಗುತ್ತಾಳೆ.
ಸೊಂಟದ ಹಗ್ಗಕ್ಕೆ ಕಟ್ಟಿದ ಡಬರಿ
ಹಾಲು ಬಿಡದ ಕರುವಿನ ಹಾಗೆ ಹಿಂದೆ ತೇಲುತ್ತದೆ.
"ಹಕ್ಕಿಗೆ ಹಕ್ಕಿ ಅಂದ್ರೆ ಸಾಲೂದಿಲ್ವಾ?"
ಆದರೂ ಒಂದಕ್ಕೆ ಅವಳಲ್ಲಿ ಹೆಸರಿತ್ತು.
ಗಜನಿಯ ಜಂತ್ರಡಿ, ಮುರಿದ ಹಲಗೆ, ಅಲ್ಲಿಗೆ ಬೆರಳು ತೋರಿ:
"ಅಕಾ, ಬಳೆಗಾರ್ತಿ. ಮೂರ್ ವರ್ಷಾಯ್ತು, ಅಲ್ಲೇ ಬತ್ತದೆ."

ಗೊರವ. ಕುಡುಗೋಲು ಕೊಕ್ಕನ್ನು ಬುಡದ ತನಕ ಇಳಿಸಿ
ಬಿಲದೊಳಗಿನ ಏಡಿಯನ್ನು ಹುಡುಕುತ್ತಿತ್ತು,
ಸೀಟಿನ ಸಂದಿಯಿಂದ ನಾಣ್ಯ ತೆಗೆಯುವವರ ತಾಳ್ಮೆಯಲ್ಲಿ.
ಎಡಗಾಲಿಗೆ ಹಸಿರು ಬಳೆ.
ಬಳೆಯ ಮೇಲೆ ಏನೋ ಬರೆದಿತ್ತು.

ಯಾರೋ ಎಲ್ಲೋ ಹಿಡಿದು, ತೊಡಿಸಿ, ಬಿಟ್ಟದ್ದು.
ಓದಿದರೆ ಹತ್ತಿದ ಸ್ಟಾಪು ಗೊತ್ತಾಗುತ್ತದೆ.
ದುರ್ಬೀನಿನ ಚಕ್ರ ತಿರುಗಿಸಿ ಉಸಿರು ಹಿಡಿದೆ.
ಮೊದಲನೆಯದು ಏಳು. ಅಥವಾ ಒಂದು.
ಎರಡನೆಯದರ ಮೇಲೆ ಕೆಸರು.
ತೊಳೆದುಕೋ ತಾಯಿ, ಒಂದೇ ಹೆಜ್ಜೆ ನೀರಿಗಿಡು,
ಎಂದುಕೊಂಡೆ.
ಅದು ಆ ಕಾಲನ್ನೇ ಹೊಟ್ಟೆಯ ಗರಿಯೊಳಗೆ ಮಡಚಿ
ಇನ್ನೊಂದರ ಮೇಲೆ ನಿಂತು
ಕಣ್ಣು ಮುಚ್ಚಿತು.

ಒಂದು ಗಂಟೆ. ಮಡಗಾಂವ ಕಡೆಗೆ ರೈಲು ಹೋಯಿತು.
ಬಿಸಿಲು ಕಲ್ಲಿಗೆ ಬಂತು, ಬೆನ್ನಿಗೆ ಬಂತು.
ಅದರ ಊರು ತಿಳಿಯಬೇಕಿತ್ತು, ಅಂದೆ.
"ರೇಶನ್ ಕಾರ್ಡ್ ಮಾಡ್ಸೂಕಾ?"
ಡಬರಿಯ ನೀರು ಬಸಿಯುತ್ತ ನಕ್ಕಳು. ಆಮೇಲೆ ನಗಲಿಲ್ಲ.
"ಹೋದ್ವರ್ಷ ಇಷ್ಟೊತ್ತಿಗೆ ಎರಡು ತುಂಬ್ತಿತ್ತು."
ಅದನ್ನು ಬರೆಯಲು ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ.
ಅಂಚಿನಲ್ಲಿ ಬರೆದೆ: ಅರ್ಧ ಡಬರಿ.

ನೀರು ತಿರುಗಿತು. ಮೊದಲು ಏಡಿಯ ಬಿಲಗಳಿಗೆ,
ಆಮೇಲೆ ಅವಳ ಹೆಜ್ಜೆಗಳಿಗೆ.
ಗೊರವ ಎದ್ದು ಕಾಂಡ್ಲದ ಮೇಲಿನಿಂದ ಹೋಯಿತು.
ಸೀಟಿ ಊದಿ ಊದಿ ಕೆಟ್ಟ ಕಿವಿ ನನ್ನದು.
ಮಂಕಾಳಿ ತಲೆ ಎತ್ತಿದ್ದರಿಂದ
ಅದು ಕೂಗಿತೆಂದು ತಿಳಿಯಿತು.

ಗೊರವ, ಒಂದು. ಹಸಿರು ಬಳೆ, ಎಡಗಾಲು.
ಏಳು ಅಥವಾ ಒಂದು.
ಷರಾ: ನಿದ್ದೆ ಮಾಡಿತು.

ಹೊರಡುವಾಗ ಬೊಗಸೆ ಬೆಳಚನ್ನು ಚೀಲಕ್ಕೆ ಸುರಿದಳು.
ನೋಟು ಚಾಚಿದರೆ, ಚಿಲ್ಲರೆ ಇಲ್ಲ ಅಂದಳು.
ಮೂವತ್ತೊಂದು ವರ್ಷ ನಾನಾಡಿದ ಮಾತು.

ರಾತ್ರಿ ಅಡುಗೆಮನೆಯ ಬಕೆಟ್ಟಿನಲ್ಲಿ ಚಿಪ್ಪುಗಳು
ಬಾಯಿ ಸ್ವಲ್ಪವೇ ತೆರೆದು
ಹೊಳೆಯನ್ನು ಉಗುಳುತ್ತಿದ್ದವು.
ಈ ಸದ್ದು ನನಗೆ ಕೇಳಿಸುತ್ತದೆ.
ಬೆಳಿಗ್ಗೆ ತಳದಲ್ಲಿ ಒಂದು ಬೆರಳು ಕೆಸರು.
ಎಲ್ಲಿ ಚೆಲ್ಲಬೇಕೆಂದು ತೋಚದೆ
ಬಚ್ಚಲ ಬಾಗಿಲಲ್ಲಿ
ಬಕೆಟ್ಟು ಹಿಡಿದು ನಿಂತಿದ್ದೆ.